ದೊಡ್ಡವ್ವ ದಾರಿ ಓದಿದ ರ್‍ಯಾಲಿ

ಒಮ್ಮೆಯೂ ನೀರು ಕಾಣದ ಹೊಸ ಜೀನ್ಸ್ ಬಟ್ಟೆಯನ್ನು ಮೂಗಿಗೆ ಹಿಡಿದು ನೋಡಿದ್ದೀರಾ? ನೀಲಿ ಬಣ್ಣ, ಗಂಜಿ ಎರಡೂ ಸೇರಿದ ಒಂದು ಒಗರು ವಾಸನೆ ಅದಕ್ಕಿರುತ್ತದೆ. ಮೊನ್ನೆ ಮಗನಿಗೆ ಪ್ಯಾಂಟು ಕೊಡಿಸಲೆಂದು ಸಿರುಗುಪ್ಪದಿಂದ ಬಳ್ಳಾರಿಗೆ ಬಂದು ಬ್ರೂಸ್‌ಪೇಟೆಯ ಅಂಗಡಿಯೊಂದರಲ್ಲಿ ನಿಂತಿದ್ದೆ. ಅಂಗಡಿಯವನು ಕಟ್ಟು ಬಿಚ್ಚಿ ಬಟ್ಟೆ ಕೊಡವಿದ. ಅದೇ ಹೊತ್ತಿಗೆ ಹೊರಗೆ ಯಾರೋ ನಿಂತುಹೋದ ಸ್ಕೂಟರಿಗೆ ಬಾಟಲಿಯಿಂದ ಪೆಟ್ರೋಲು ಸುರಿಯುತ್ತಿದ್ದರು. ಆ ಎರಡು ವಾಸನೆಗಳು ಒಂದಾಗಿ ಬಂದದ್ದೇ ತಡ, ನಾನು ಹತ್ತು ವರ್ಷದ ಹುಡುಗಿಯಾಗಿಬಿಟ್ಟೆ. ಮಗ "ಅವ್ವಾ, ಇದು ಬಿಗಿ ಆಗ್ತೈತಿ" ಎಂದು ಮೂರು ಸಲ ಹೇಳಿದನಂತೆ. ನನಗೆ ಒಂದೂ ಕೇಳಲಿಲ್ಲ. ಆ ಎರಡೂ ವಾಸನೆ ಒಟ್ಟಿಗೆ ಇದ್ದ ಮನೆ ಲೋಕದಲ್ಲಿ ಒಂದೇ ಒಂದಿತ್ತು. ನಾನು ಅಲ್ಲಿ ಬೆಳೆದೆ.

ನನ್ನ ಅಪ್ಪ ಅವ್ವ ಸಿರುಗುಪ್ಪದಲ್ಲಿದ್ದರು. ಶಾಲೆ ಚೆನ್ನಾಗಿದೆ ಎಂದು ನನ್ನನ್ನು ಬಳ್ಳಾರಿಯ ಈ ಮನೆಗೆ ಬಿಟ್ಟಿದ್ದರು. ಮೇಲಿನ ಅಂತಸ್ತು ದೊಡ್ಡವ್ವನದು. ದೊಡ್ಡಪ್ಪ ತೀರಿಕೊಂಡ ಮೇಲೆ ಅವಳು ಜೀನ್ಸ್ ಹೊಲಿಗೆ ಕಲಿತು, ಓಣಿಯ ಆರು ಜನ ಹೆಂಗಸರನ್ನು ಕೂಡಿಸಿಕೊಂಡು ಕೆಲಸ ನಡೆಸುತ್ತಿದ್ದಳು. ಕೋಣೆಯಲ್ಲಿ ಮೂರು ಮಷಿನ್ ಹಿಡಿಸುತ್ತಿದ್ದವು, ಉಳಿದವು ಮೆಟ್ಟಿಲ ತುದಿಯಲ್ಲಿ, ತಗಡಿನ ಕೆಳಗೆ. ಬೇಸಿಗೆಯಲ್ಲಿ ಬಳ್ಳಾರಿಯ ತಗಡಿನ ಕೆಳಗೆ ಕೂತು ದಪ್ಪ ಜೀನ್ಸ್ ಹೊಲಿಯುವುದೆಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕೆಳಗೆ ಮಾತ್ರ ಕಲ್ಲಿನ ಗೋಡೆಯ, ತಂಪಾದ, ಉದ್ದನೆಯ ಶೆಡ್ ಇತ್ತು. ಅದು ಬಸಣ್ಣ ಕಾಕಾನದು. ಅಪ್ಪನ ತಮ್ಮ, ಮದುವೆಯಾಗದವನು. ಕೇಳಿದವರಿಗೆ ಮದುವೆ ಆಗಿದೆಯೆಂದೇ ಹೇಳುತ್ತಿದ್ದ, ಹೆಂಡತಿಯ ಹೆಸರು ಪದ್ಮಿನಿ ಎನ್ನುತ್ತಿದ್ದ.

ಪದ್ಮಿನಿ ಎಂದರೆ ಕಾರು. ಸಿರುಗುಪ್ಪದ ಅಕ್ಕಿ ಗಿರಣಿಯೊಂದರ ಹಿತ್ತಲಲ್ಲಿ ಕೋಳಿಗಳು ಮೊಟ್ಟೆಯಿಡಲು ಬಳಸುತ್ತಿದ್ದ ಹಳೆಯ ಪದ್ಮಿನಿಯನ್ನು ಕಾಕಾ ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದಿದ್ದ. ಅದನ್ನು ರ್‍ಯಾಲಿಯ ಗಾಡಿ ಮಾಡುವುದು ಅವನ ಜೀವದ ಆಸೆ. ಜೊತೆಗಾರ ದಾದಾಪೀರ್ ಮಾಮಾ, ಲೇತ್ ಕೆಲಸದವನು. ಅವನ ಕೈಯಲ್ಲಿ ಕಬ್ಬಿಣ ಹೇಳಿದ ಮಾತು ಕೇಳುತ್ತಿತ್ತು. ಇಬ್ಬರೂ ಸೇರಿ ಮೊದಲು ಕಾರನ್ನು ಬೋಳಿಸಿದರು. ಹಿಂದಿನ ಸೀಟು, ಬಾಗಿಲ ಒಳಗಿನ ಹಲಗೆ, ಚಾಪೆ, ಭಾರವಾದದ್ದೆಲ್ಲ ಹೊರಗೆ. ಸ್ಟೇರಿಂಗಿನ ಪಕ್ಕದಲ್ಲಿದ್ದ ಗೇರ್ ಕಡ್ಡಿಯನ್ನು ಕಿತ್ತು ನೆಲಕ್ಕೆ ತಂದರು. ಕಪ್ಪುನೆಲದ ಹೊಂಡಗಳಿಗೆ ಹೊಟ್ಟೆ ತಾಗದಿರಲೆಂದು ಹಿಂದಿನ ಸ್ಪ್ರಿಂಗ್ ಪಟ್ಟಿಗಳಿಗೆ ಜೀಪಿನದೊಂದು ಪಟ್ಟಿ ಸೇರಿಸಿ ಎತ್ತರಿಸಿದರು. ಇಂಜಿನ್ನಿನ ಕೆಳಗೆ ಅದಿರಿನ ಲಾರಿಯಿಂದ ಕತ್ತರಿಸಿದ ದಪ್ಪ ತಗಡು ಹೊಡೆದರು. ದಾದಾಪೀರ್ ಮಾಮಾ ಅದನ್ನು ಬೆರಳ ಗಿಣ್ಣಿನಿಂದ ಕುಟ್ಟಿ, "ಇನ್ನ ಗುಡ್ಡಾ ಬಂದ್ ಬಡಿದ್ರೂ ಗುಡ್ಡಕ್ಕ ನೋವು" ಎಂದು ನಗುತ್ತಿದ್ದ.

ಕಾರು ಮಗುಚಿದರೆ ತಲೆ ಉಳಿಯಬೇಕಲ್ಲ, ಅದಕ್ಕೆ ಒಳಗೆ ಉಕ್ಕಿನ ಪೈಪುಗಳ ಪಂಜರ ಬೇಕು. ಪೈಪನ್ನು ಸುಮ್ಮನೆ ಬಗ್ಗಿಸಿದರೆ ಚಪ್ಪಟೆಯಾಗಿ ಸುಕ್ಕುಗಟ್ಟುತ್ತದೆ. ದಾದಾಪೀರ್ ಮಾಮಾನ ವಿದ್ಯೆ ಏನೆಂದರೆ, ಪೈಪಿನ ತುಂಬ ಒಣಮರಳು ಗಿಡಿದು, ಎರಡೂ ತುದಿಗೆ ಕಟ್ಟಿಗೆಯ ಬಿರಡೆ ಜಡಿದು, ಕೆಂಪಗೆ ಕಾಯಿಸಿ, ಕಲ್ಲುಕಂಬಕ್ಕೆ ಒತ್ತಿ ಬಗ್ಗಿಸುವುದು. ಆ ಮರಳು ಕೆಂಚನಗುಡ್ಡದ ಹತ್ತಿರದ ಹೊಳೆಯದೇ ಆಗಬೇಕು, ಸಣ್ಣ ರವೆಯಂಥದು ಎಂದು ಅವನ ಹಟ. ತಂದ ಮರಳನ್ನು ಒಂದು ವಾರ ಬಿಸಿಲಿಗೆ ಹರವಬೇಕೆಂದು ಹೇಳಿದ್ದ. ಕಾಕಾ ಎರಡನೆಯ ದಿನವೇ "ಒಣಗೈತಿ ಬಿಡಲೇ" ಎಂದು ತುಂಬಿಬಿಟ್ಟ. ಕಾಯಿಸಿದಾಗ ಒಳಗಿದ್ದ ತೇವ ಉಗಿಯಾಗಿ, ಬಿರಡೆ ಪಟಾರನೆ ಹಾರಿ, ಅಂಗಳದಲ್ಲಿ ದೊಡ್ಡವ್ವ ಒಣಹಾಕಿದ್ದ ಗುಂಟೂರು ಮೆಣಸಿನಕಾಯಿಯ ರಾಶಿಗೆ ಬಡಿಯಿತು. ಆಮೇಲೆ ಬಿಸಿ ಮರಳೂ ಅದರ ಮೇಲೆಯೇ ಬಿತ್ತು. ಮೆಣಸಿನಕಾಯಿ ಕಮರಿ, ಇಡೀ ಓಣಿ ಅರ್ಧ ಗಂಟೆ ಸೀನಿತು. ಮಸೀದಿಯಿಂದ ಮನೆಗೆ ಹೊರಟಿದ್ದ ಹಿರಿಯರೊಬ್ಬರು ಸೀನುತ್ತಲೇ ಆಶೀರ್ವಾದ ಮಾಡಿ ಹೋದರು. ದೊಡ್ಡವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಮೆಟ್ಟಿಲ ಮೇಲೆ ನಿಂತು, "ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ನ ಹೇಳಿಲ್ಲ ಹಿರೇರು" ಎಂದಳು. ಬೈಯುತ್ತಿದ್ದಳು ನಿಜ, ಆದರೆ ಕಾರಿನ ಬೆಲ್ಟುಗಳನ್ನು ಹೊಲಿದುಕೊಟ್ಟವಳೂ ಅವಳೇ. ಲಾರಿಯ ಸಾಮಾನು ಬಿಗಿಯುವ ಅಗಲ ಪಟ್ಟಿಗೆ ಜೀನ್ಸ್ ಸುತ್ತಿ, ನಾಲ್ಕು ಸಾಲು ಹೊಲಿಗೆ ಹಾಕಿ, "ಹರದ್ರ ನಿನ್ನ ಕಾರು ಹರೀಬೇಕು, ನನ್ನ ಹೊಲಿಗಿ ಹರಿಯಂಗಿಲ್ಲ" ಎಂದು ಕಾಕಾನ ಮುಂದೆ ಎಸೆದಿದ್ದಳು.

ಇಷ್ಟೆಲ್ಲ ಆದರೂ ಕಾಕಾ ಒಂದು ರ್‍ಯಾಲಿಯನ್ನೂ ಮುಗಿಸಿರಲಿಲ್ಲ. ಅದಕ್ಕೆ ಕಾರಣ ಕಾರಲ್ಲ, ಕಾಕಾನೇ. ನಮ್ಮ ಕಡೆ ಹವ್ಯಾಸಿಗಳು ನಡೆಸುತ್ತಿದ್ದ ರ್‍ಯಾಲಿಯಲ್ಲಿ ಎಲ್ಲರಿಗಿಂತ ಮೊದಲು ಬಂದವರು ಗೆಲ್ಲುವುದಿಲ್ಲ. ಇಷ್ಟು ದೂರವನ್ನು ಇಷ್ಟೇ ವೇಗದಲ್ಲಿ ಹೋಗಿ ಎಂದು ದಾರಿಯ ಪುಸ್ತಕ ಕೊಡುತ್ತಾರೆ. ನಡುವೆ ಎಲ್ಲೋ ಮರದ ಕೆಳಗೆ, ಗುಡಿಯ ಹಿಂದೆ ಗಡಿಯಾರ ಹಿಡಿದವರು ಕೂತಿರುತ್ತಾರೆ. ತಡವಾಗಿ ಬಂದರೂ ತಪ್ಪಿನ ಅಂಕ, ಬೇಗ ಬಂದರೂ ತಪ್ಪಿನ ಅಂಕ. ತಪ್ಪು ಮಿತಿ ಮೀರಿದರೆ ಪಟ್ಟಿಯಿಂದ ಹೆಸರೇ ಹೊಡೆದುಹಾಕುತ್ತಾರೆ. ಮೊದಲನೆಯ ಸಲ ಕಾಕಾನಿಗೆ ಇದು ಗೊತ್ತೇ ಇರಲಿಲ್ಲ. ಗಾಳಿಯ ಹಾಗೆ ಹೋಗಿ, ಎಲ್ಲರಿಗಿಂತ ಮೊದಲು ಸಿರುಗುಪ್ಪ ಮುಟ್ಟಿ, ಗೆದ್ದೆನೆಂದು ಹಿಗ್ಗಿ ಹೀರೇಕಾಯಿಯಾಗಿ, ಬಸ್‌ಸ್ಟ್ಯಾಂಡಿನಲ್ಲಿ ಕಂಡಕಂಡವರಿಗೆಲ್ಲ ಪೇಡೆ ಹಂಚಿದ. ಗಡಿಯಾರ ಹಿಡಿದವರಿಗೂ ಕೊಟ್ಟ, ಅವರೂ ತಿಂದರು. ಸಂಜೆ ಗೋಡೆಗೆ ಪಟ್ಟಿ ಅಂಟಿಸಿದಾಗ ಅದರಲ್ಲಿ ಅವನ ಹೆಸರಿರಲಿಲ್ಲ. ಎರಡನೆಯ ಸಲ ಅವನು ಓಡಿಸಿದ ಅಬ್ಬರಕ್ಕೆ ಇಂಜಿನ್ ಕಾದು ನಿಂತಿತು. ಮೂರನೆಯ ಸಲ ನಿಯಮ ಚೆನ್ನಾಗಿ ಗೊತ್ತಿತ್ತು, ಆದರೆ ಅವನ ಕಾಲು ಒಪ್ಪಲಿಲ್ಲ. "ಲಗೂನ ಬಂದಾಂವಗ ಶಿಕ್ಷಾ ಕೊಡೋದು ಯಾವೂರ ನ್ಯಾಯಾನಪ್ಪ?" ಎಂದು ತಿಂಗಳುಗಟ್ಟಲೆ ಗೊಣಗಿದ. ಪಕ್ಕದಲ್ಲಿ ಕೂತು ದಾರಿ ಓದಬೇಕಾದ ದಾದಾಪೀರ್ ಮಾಮಾ ಅವನಿಗಿಂತ ಒಂದು ಕೈ ಮೇಲು. ಮುಂದೆ ಒಂದು ಜೀಪು ಕಂಡರೆ ಸಾಕು, ಪುಸ್ತಕ ಮಡಚಿ ತೊಡೆಯ ಕೆಳಗಿಟ್ಟು "ಹೊಡೀಲೇ ಬಸಣ್ಣಾ!" ಎಂದು ಬಾಗಿಲು ಬಡಿಯುತ್ತಿದ್ದ.

ನಾಲ್ಕನೆಯ ರ್‍ಯಾಲಿಯ ಸುದ್ದಿ ಬಂದ ದಿನ ಊಟಕ್ಕೆ ಕೂತಿದ್ದೆವು. ದೊಡ್ಡವ್ವ ರೊಟ್ಟಿ ಹಾಕುತ್ತಾ, ಮುಖ ಎತ್ತದೆ ಹೇಳಿದಳು. "ಬಸಣ್ಣಾ, ಮ್ಯಾಲೆ ತಗಡಿನ ಕೆಳಗ ಆ ಹೆಣ್ಮಕ್ಳು ಬೇಯಾಕತ್ತಾರ. ನಿನ್ನೆ ಒಬ್ಬಾಕಿ ಮಷಿನ್ ಮ್ಯಾಲೇ ತಲಿ ಇಟ್ಟು ಬಿದ್ಲು. ನನಗ ಕೆಳಗಿನ ಶೆಡ್ ಬೇಕು." ಕಾಕಾನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಶೆಡ್ ಕೊಟ್ರ ನನ್ನ ಕಾರು ಎಲ್ಲಿ ಇಡ್ಲಿ, ಅತ್ಗೆಮ್ಮಾ?" ಎಂದ. ಆಗ ಇಬ್ಬರೂ ಸೇರಿ ಒಂದು ಕರಾರು ಮಾಡಿಕೊಂಡರು. ಈ ಸಲ ಕಾಕಾ ರ್‍ಯಾಲಿ ಮುಗಿಸಿ ಪಟ್ಟಿಯಲ್ಲಿ ಹೆಸರು ತಂದರೆ ಶೆಡ್ ಅವನದು, ಅವಳು ಮತ್ತೆಂದೂ ಬಾಯಿ ಬಿಡುವುದಿಲ್ಲ. ಮುಗಿಸದಿದ್ದರೆ ಮರುದಿನವೇ ಮಷಿನ್‌ಗಳು ಕೆಳಗೆ ಬರುತ್ತವೆ, ಪದ್ಮಿನಿ ಗುಜರಿಗೆ ಹೋಗುತ್ತದೆ. ನಾನು ಇಬ್ಬರ ನಡುವೆ ಕೂತಿದ್ದೆ. ಆ ಇಬ್ಬರಲ್ಲಿ ಯಾರು ಸೋತರೂ ನನಗೆ ಅಳು ಬರುತ್ತಿತ್ತು.

ರ್‍ಯಾಲಿಯ ದಿನ ಬೆಳಿಗ್ಗೆ ದಾದಾಪೀರ್ ಮಾಮಾ ಬಂದ. ಎರಡೂ ಕಣ್ಣು ಕೆಂಡದ ಹಾಗೆ ಕೆಂಪಾಗಿ ಅಂಟಿಕೊಂಡಿದ್ದವು. ಊರಿಗೆಲ್ಲ ಹರಡಿದ್ದ ಕಣ್ಣುಬೇನೆ ಅವನಿಗೂ ಬಂದಿತ್ತು. ಪುಸ್ತಕ ಓದುವುದಿರಲಿ, ಗೋಡೆ ಹಿಡಿದು ನಡೆಯುತ್ತಿದ್ದ. ಕಾಕಾ ಮೆಟ್ಟಿಲ ಮೇಲೆ ಕುಸಿದು ಕೂತ. ದೊಡ್ಡವ್ವ ಏನಾಯಿತೆಂದು ಕೇಳುತ್ತಾ ಮೇಲಿನಿಂದ ಇಳಿದು ಬಂದಳು. ಆಮೇಲೆ ದಾದಾಪೀರ್ ಮಾಮಾ ದನಿ ಬಂದ ಕಡೆ ಮುಖ ಮಾಡಿ, "ಅಕ್ಕಾರ, ನೀವೇ ಕುಂದರ್ರಿ. ನಿಮಗ ಲೆಕ್ಕ ಬರ್ತೈತಿ, ಬಾಣದ ಗುರುತು ನೋಡಾಕ ಬರ್ತೈತಿ. ಬಟ್ಟಿ ಕತ್ತರಿಸೋ ನಕ್ಷಾ ಇದ್ದಂಗ ಐತಿ ಅದು" ಎಂದ. ಇಡೀ ಊರಿನಲ್ಲಿ ಕಾಕಾ ಸೋತರೆ ಲಾಭವಿದ್ದದ್ದು ಒಬ್ಬಳಿಗೇ, ಅವಳನ್ನೇ ಕರೆಯುತ್ತಿದ್ದ! ಕಾಕಾ ಅವಳ ಮುಖ ನೋಡಿದ. ದೊಡ್ಡವ್ವ ಪುಸ್ತಕ ಇಸಿದುಕೊಂಡು ನಾಲ್ಕು ಹಾಳೆ ತಿರುವಿದಳು. ಸೀರೆಯ ಮೇಲೆ ತಾನೇ ಹೊಲಿದ ಜೀನ್ಸ್ ಕೋಟು ಹಾಕಿಕೊಂಡು, ಸೆರಗು ಬಿಗಿದು, "ಗಡಿಯಾರ ಹುಡುಗಿ ನೋಡ್ಲಿ, ನಡೀರಿ" ಎಂದಳು. ಆಗಿನ ಹವ್ಯಾಸಿ ರ್‍ಯಾಲಿಗಳಲ್ಲಿ ಮೂರನೆಯವರನ್ನು ಕೂಡಿಸಿಕೊಳ್ಳಲು ಯಾರೂ ಬೇಡವೆನ್ನುತ್ತಿರಲಿಲ್ಲ. ಸೀಟಿಲ್ಲದ ಹಿಂಬದಿಯಲ್ಲಿ ಜೀನ್ಸ್ ತುಂಡುಗಳ ಮೂಟೆಯೊಂದನ್ನು ಇಟ್ಟು, ಅದರ ಮೇಲೆ ನನ್ನನ್ನು ಬೆಲ್ಟಿನಿಂದ ಕಟ್ಟಿ ಕೂಡಿಸಿದರು.

ಬಳ್ಳಾರಿ ದಾಟಿ ಕುರುಗೋಡಿನ ದಾರಿ ಹಿಡಿದಾಗ ಎಳೆಬಿಸಿಲು. ಎರಡೂ ಕಡೆ ಮೆಣಸಿನ ಹೊಲ, ಹತ್ತಿಯ ಹೊಲ, ದೂರದಲ್ಲಿ ಒಂದರ ಮೇಲೊಂದು ಏರಿ ಕೂತ ಗುಂಡುಕಲ್ಲುಗಳ ಗುಡ್ಡ. ಪುಸ್ತಕದಲ್ಲಿ ಗಂಟೆಗೆ ನಲವತ್ತು ಎಂದಿತ್ತು. ಕಾಕಾನ ಕಾಲು ಆಗಲೇ ಅರವತ್ತಕ್ಕೆ ಒತ್ತಿತ್ತು. ದೊಡ್ಡವ್ವ ಬೆರಳು ಮಡಿಸಿ ಲೆಕ್ಕ ಹಾಕಿದಳು. "ಒಂದು ಕಿಲೋಮೀಟರಿಗೆ ಒಂದೂವರಿ ನಿಮಿಷ. ನಾನು ಒಂದು ಜೇಬು ಹೊಲಿಯೋವಷ್ಟು ಹೊತ್ತು. ಜೋರ ತುಳದ್ರ ದಾರಾ ಹರೀತೈತಿ, ಸಾವಕಾಶ ತುಳದ್ರ ಹೊಲಿಗಿ ಗಂಟಾಗ್ತೈತಿ. ಮಷಿನ್ ತುಳದಂಗ ಒಂದೇ ನಡಿಗಿಲೆ ತುಳಿ." ಪ್ರತಿ ಕಿಲೋಮೀಟರಿಗೂ ನಾನು ಗಡಿಯಾರ ಓದುತ್ತಿದ್ದೆ, ಅವಳು "ಮುಂದ ಅದೀವಿ, ಸಾವಕಾಶ" ಎಂದೋ "ಸರಿ ಐತಿ" ಎಂದೋ ಹೇಳುತ್ತಿದ್ದಳು. ಕೂತಲ್ಲೇ ಅವಳ ಬಲಗಾಲು ಮಷಿನ್ ತುಳಿಯುವ ಹಾಗೆ ಮೆಲ್ಲಗೆ ಏಳುತ್ತ ಇಳಿಯುತ್ತ ಇತ್ತು. ಏನು ಮಾಯೆಯೋ, ಅಷ್ಟು ವರ್ಷ ಯಾರ ಮಾತೂ ಕೇಳದ ಕಾಕಾನ ಕಾಲು ಅವಳ ಕಾಲಿನ ತಾಳಕ್ಕೆ ಬಿದ್ದಿತು. ಒಂದು ಬೇವಿನ ಮರದ ಕೆಳಗೆ ಗಡಿಯಾರ ಹಿಡಿದವರು ಕೂತಿದ್ದರು. ನಮ್ಮನ್ನು ನೋಡಿ, ಗಡಿಯಾರ ನೋಡಿ, ಮತ್ತೆ ನಮ್ಮನ್ನು ನೋಡಿದರು. ಬಸಣ್ಣ ಸರಿಯಾದ ಹೊತ್ತಿಗೆ ಬಂದದ್ದನ್ನು ಅವರು ಎಂದೂ ಕಂಡಿರಲಿಲ್ಲ. ನನಗೆ ಮೂಟೆಯ ಮೇಲೆಯೇ ಕುಣಿಯುವ ಹಾಗಾಯಿತು.

ಕುರುಗೋಡು ದಾಟಿದ ಮೇಲೆ ಕಾಲುವೆಯ ಹತ್ತಿರ ದಾರಿ ಎರಡಾಗುತ್ತದೆ. ಎಡಕ್ಕೆ ನುಣ್ಣನೆಯ ಡಾಂಬರು, ಬಲಕ್ಕೆ ಕಾಲುವೆ ಏರಿಯ ಮಣ್ಣುದಾರಿ. ಕಾಕಾ ಎಂದಿನ ರೂಢಿಯ ಹಾಗೆ ಎಡಕ್ಕೆ ತಿರುಗಿಸತೊಡಗಿದ. ಹಿಂದಿನಿಂದ ನನಗೆ ಪುಸ್ತಕ ಕಾಣುತ್ತಿತ್ತು. ಬಾಣ ಬಲಕ್ಕಿತ್ತು. ದೊಡ್ಡವ್ವನ ಬೆರಳು ಆ ಬಾಣದ ಮೇಲೆಯೇ ಇತ್ತು. ಅವಳು ಸುಮ್ಮನಿದ್ದಳು. ಆ ಸುಮ್ಮನಿದ್ದದ್ದು ಎಷ್ಟು ಹೊತ್ತು ಎಂದು ಇಂದಿಗೂ ನನಗೆ ಹೇಳಲಾಗುವುದಿಲ್ಲ. ಕೈಯಲ್ಲಿ ಗಡಿಯಾರ ಇತ್ತು, ನೋಡಲಿಲ್ಲ. ಅವಳು ಬಾಯಿ ತೆರೆಯದಿದ್ದರೆ ಸಾಕಿತ್ತು. ಎಡದ ದಾರಿಯಲ್ಲಿ ನಾಲ್ಕು ಕಿಲೋಮೀಟರು ಹೋದರೆ ರ್‍ಯಾಲಿ ಅಲ್ಲಿಗೆ ಮುಗಿದ ಹಾಗೆ, ತಂಪಾದ ಶೆಡ್ ಅವಳದು, ಆರು ಹೆಂಗಸರು ತಗಡಿನ ಕೆಳಗಿಂದ ಇಳಿದು ಬರುತ್ತಿದ್ದರು. ಯಾರೂ ಅವಳನ್ನು ದೂರುತ್ತಿರಲಿಲ್ಲ, ಅನುಭವ ಇಲ್ಲದ ಹೆಂಗಸು ಪಾಪ ಎನ್ನುತ್ತಿದ್ದರು. ನಾನೂ ಬಾಯಿ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂದು ಕೇಳಿದರೆ, ಅವಳ ಬದಲು ನಾನು ಹೇಳಿದರೆ ಅವಳಿಂದ ಏನನ್ನೋ ಕಸಿದುಕೊಂಡ ಹಾಗಾಗುತ್ತದೆ ಎಂದು ಆ ವಯಸ್ಸಿಗೂ ಅನಿಸಿತ್ತು. ಅಷ್ಟರಲ್ಲಿ ದೊಡ್ಡವ್ವ ಕಾಕಾನ ಭುಜಕ್ಕೆ ಛಟೀರನೆ ಒಂದು ಏಟು ಕೊಟ್ಟಳು. "ಬಲಕ್ಕ! ಬಲಕ್ಕ ಹೊಳ್ಸಲೇ, ಕಣ್ಣು ಎಲ್ಲಿ ಇಟ್ಟೀದಿ!" ಪದ್ಮಿನಿ ಧೂಳೆಬ್ಬಿಸಿ, ಅಡ್ಡಡ್ಡ ಜಾರಿ, ಏರಿಯ ಮೇಲೆ ನಿಂತು ಮತ್ತೆ ಓಡಿತು. ಕಾಕಾ ಒಮ್ಮೆ ಪುಸ್ತಕದ ಕಡೆ, ಬಾಣದ ಮೇಲಿದ್ದ ಅವಳ ಬೆರಳಿನ ಕಡೆ ಕಣ್ಣು ಹಾಯಿಸಿದ. ಅವನಿಗೂ ಗೊತ್ತಾಗಿತ್ತು.

ತಪ್ಪಿದ ಹೊತ್ತನ್ನು ಹಿಡಿಯಲು ಹೋಗಿ ಕಾಕಾ ಮತ್ತೆ ಜೋರು ಮಾಡಿದ. ಬಾದನಹಟ್ಟಿ ಬರುವಷ್ಟರಲ್ಲಿ ನಾವು ಎರಡು ನಿಮಿಷ ಮುಂದಿದ್ದೆವು. ಬಾದನಹಟ್ಟಿ ದೊಡ್ಡವ್ವನ ತವರು. ಊರ ಮುಂದೆ ಅವಳ ತಮ್ಮ ಹಂಪಣ್ಣ ಮಾವ ರಸ್ತೆಯ ನಟ್ಟನಡುವೆ ನಿಂತಿದ್ದ. ಒಂದು ಕೈಯಲ್ಲಿ ನೀರಿನ ತಂಬಿಗೆ, ಹಿಂದೆ ಕುಂಕುಮದ ತಟ್ಟೆ ಹಿಡಿದ ಅವನ ಹೆಂಡತಿ. ದಾದಾಪೀರ್ ಮಾಮಾ ಫೋನು ಮಾಡಿ ಸುದ್ದಿ ಮುಟ್ಟಿಸಿದ್ದ. ನಮ್ಮ ಕಡೆ ಊರ ಮಗಳು ಊರ ಮುಂದೆ ಹಾಯ್ದು ಹೋಗುವಾಗ ಇಳಿಯದೆ ಹೋಗುವಂತಿಲ್ಲ. ಗುಟುಕು ನೀರಾದರೂ ಕುಡಿಯಬೇಕು, ಉಡಿ ತುಂಬಿಸಿಕೊಳ್ಳಬೇಕು. "ಅತ್ಗೆಮ್ಮಾ, ಇವತ್ತೊಂದಿನ ಬ್ಯಾಡ, ಕೈ ಮುಗಿತೀನಿ" ಎಂದು ಕಾಕಾ ಗೋಗರೆದ. ದೊಡ್ಡವ್ವ ಬೆಲ್ಟು ಬಿಚ್ಚುತ್ತಾ, "ಎರಡು ನಿಮಿಷ ಮುಂದ ಅದೀವಿ. ಅವೆರಡು ನಿಮಿಷ ನನ್ನವು" ಎಂದು ಇಳಿದೇಬಿಟ್ಟಳು. ನೀರು ಕುಡಿದಳು, ಕುಂಕುಮ ಇಡಿಸಿಕೊಂಡಳು. ಗಂಡ ಸತ್ತವಳಿಗೆ ಕುಂಕುಮವೇ ಎಂದು ಯಾರೋ ಮುದುಕಿ ಗೊಣಗಿದ್ದಕ್ಕೆ ಹಂಪಣ್ಣ ಮಾವ, "ನಮ್ಮಕ್ಕ ರೇಸಿಗೆ ಹೊಂಟಾಳ, ಸುಮ್ಕಿರಬೇ" ಎಂದ. ಉಡಿಯಲ್ಲಿ ಅಕ್ಕಿ, ತೆಂಗಿನಕಾಯಿ ಕಟ್ಟಿಕೊಂಡು ಅವಳು ಮರಳಿ ಕೂತಾಗ ನಾನು ಗಡಿಯಾರ ಓದಿದೆ. "ಸರಿ ಐತಿ, ನಡಿ" ಎಂದಳು. ಅವಳ ಮುಖದಲ್ಲಿ ಅಂದು ಇದ್ದ ಬೆಳಕನ್ನು ನಾನು ಮತ್ತೆ ಯಾರ ಮುಖದಲ್ಲೂ ಕಂಡಿಲ್ಲ.

ಕೆಂಚನಗುಡ್ಡದಲ್ಲಿ, ಹೊಳೆಯ ದಂಡೆಯ ಮೇಲೆ ರ್‍ಯಾಲಿ ಮುಗಿಯುತ್ತಿತ್ತು. ನಾವು ಎಷ್ಟನೆಯವರಾಗಿ ಬಂದೆವೆಂದು ಕೇಳಬೇಡಿ, ನಡುವೆ ಎಲ್ಲೋ ಬಂದೆವು. ಆದರೆ ಪಟ್ಟಿಯಲ್ಲಿ ಹೆಸರಿತ್ತು. ಕಾಕಾ ಅದನ್ನು ಬೆರಳಿಟ್ಟು ನಾಲ್ಕು ಸಲ ಓದಿದ, ಆಮೇಲೆ ಹೊಳೆಗೆ ಇಳಿದು ಮುಖ ತೊಳೆಯುವ ನೆವದಲ್ಲಿ ಅತ್ತ. ಈ ಸಲ ಪೇಡೆ ಹಂಚಲಿಲ್ಲ. ತವರಿನ ಕಾಯಿಯನ್ನೇ ಪದ್ಮಿನಿಯ ಮುಂದೆ ಒಡೆದು, ಒಂದೊಂದು ಚೂರು ತಿಂದೆವು. ಬಳ್ಳಾರಿಯವರೆಗೆ ಶೆಡ್ಡಿನ ಮಾತು ಯಾರೂ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತಾ ಕೆಳಗೆ ಬಂದರೆ ಕಾಕಾ ಶೆಡ್ಡಿನ ನೆಲ ಗುಡಿಸುತ್ತಿದ್ದ. ಸಾಮಾನುಗಳನ್ನೆಲ್ಲ ಒಂದು ಮೂಲೆಗೆ ತಳ್ಳಿ, ಪದ್ಮಿನಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದ. ಬಟ್ಟೆಗೆ ಗುರುತು ಹಾಕುವ ದೊಡ್ಡವ್ವನ ಸೀಮೆಸುಣ್ಣವನ್ನು ತಂದು, ಕಾರಿಗೆ ಅಂಟಿಕೊಂಡ ಹಾಗೆ ನೆಲದ ಮೇಲೆ ಒಂದು ಗೆರೆ ಎಳೆದ. ಅವಳನ್ನು ಕೂಗಿ ಕರೆದು, "ಗೆರಿ ಈಚೆಗೆಲ್ಲ ನಿಂದು, ಅತ್ಗೆಮ್ಮಾ. ಮಷಿನ್ ಇಳ್ಸು" ಎಂದ. "ಕರಾರಿನಾಗ ಗೆದ್ದಾಂವ ನೀನು" ಎಂದಳು ದೊಡ್ಡವ್ವ. "ಕಾಲುವಿ ಹತ್ರ ನೀನು ಸುಮ್ಕಿದ್ದಿದ್ರ ಯಾರು ಗೆಲ್ತಿದ್ರು, ನನಗ ಗೊತ್ತಿಲ್ಲೇನು?" ಎಂದ ಕಾಕಾ. ದೊಡ್ಡವ್ವ ಪಾದದಿಂದ ಆ ಗೆರೆಯನ್ನು ಅಳಿಸಿ, ಬಗ್ಗಿ, ಒಂದೂವರೆ ಮೊಳ ತನ್ನ ಕಡೆಗೆ ಬೇರೊಂದು ಗೆರೆ ಎಳೆದಳು. "ಕಾರಿನ ಬಾಗಿಲಾ ತಗ್ಯಾಕ ಜಾಗ ಬ್ಯಾಡೇನಲೇ?" ಎಂದಳು.

ಆ ಗೆರೆಯ ಎರಡೂ ಕಡೆ ನಾವು ಹನ್ನೊಂದು ವರ್ಷ ಬಾಳಿದೆವು. ಒಂದು ಕಡೆ ಆರು ಮಷಿನ್‌ಗಳ ಸದ್ದು, ಇನ್ನೊಂದು ಕಡೆ ಇಂಜಿನ್ನಿನದು. ಪ್ಯಾಂಟಿಗೆ ಎಣ್ಣೆ ತಾಗಿತೆಂದು ಇವಳು, ಕಾರ್ಬುರೇಟರಿಗೆ ದಾರದ ಎಳೆ ಹೋಯಿತೆಂದು ಅವನು ದಿನಾ ಜಗಳ. ನಡುವೆ ದಾದಾಪೀರ್ ಮಾಮಾ ಚಹಾ ಹಿಡಿದು ನ್ಯಾಯ ಹೇಳುತ್ತಿದ್ದ. ನಾನು ಆ ಗದ್ದಲದಲ್ಲೇ ಕೂತು ಓದಿ ಪರೀಕ್ಷೆ ಪಾಸು ಮಾಡಿದೆ. ಅಷ್ಟು ಸುಖವಾಗಿ ಮತ್ತೆಲ್ಲೂ ಓದಿಲ್ಲ. ಮೊದಲು ಕಾಕಾ ಹೋದ, ಎರಡು ವರ್ಷಕ್ಕೆ ದೊಡ್ಡವ್ವ, ಆಮೇಲೆ ದಾದಾಪೀರ್ ಮಾಮಾ. ಪದ್ಮಿನಿಯನ್ನು ಕುರುಗೋಡಿನ ಹುಡುಗನೊಬ್ಬ ಒಯ್ದ. ಈಗಲೂ ರ್‍ಯಾಲಿಗೆ ಓಡಿಸುತ್ತಾನಂತೆ, ಬೇಗ ಬಂದು ಬೈಸಿಕೊಳ್ಳುತ್ತಾನಂತೆ.

ಮೊನ್ನೆ ಅಂಗಡಿಯಿಂದ ನೇರ ಆ ಓಣಿಗೆ ಹೋದೆ. ಬೀಗದ ಕೈ ನನ್ನ ಹತ್ತಿರವೇ ಇದೆ. ಬಾಗಿಲು ತಳ್ಳಿದಾಗ ಮಗ ಒಳಗೆ ಓಡಿ, ಈ ಗೋಡೆಯಿಂದ ಆ ಗೋಡೆಯವರೆಗೆ ಹೋಗಿ ಬಂದು, "ಎಷ್ಟ್ ದೊಡ್ಡದೈತವ್ವ ಇದು!" ಎಂದ. ನನಗೆ ಆಶ್ಚರ್ಯವಾಯಿತು. ಅದು ದೊಡ್ಡದೆಂದು ನಮಗೆ ಯಾರಿಗೂ ಒಂದು ದಿನವೂ ಅನಿಸಿರಲಿಲ್ಲ. ಈಗ ಅಷ್ಟೂ ಜಾಗ ಖಾಲಿ ಇದೆ. ನನಗೆ ಬೇಕು ಎನ್ನುವವರೂ ಇಲ್ಲ, ನೀನೇ ಇಟ್ಟುಕೋ ಎನ್ನುವವರೂ ಇಲ್ಲ.